ಹಲ್ಲು ಎಣಿಸಲಾಗದ ಎತ್ತು

ನಮ್ಮ ತಂದೆಯವರು ಎತ್ತು ಕೊಳ್ಳುವುದಕ್ಕೆಂದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊರಟರೆಂದರೆ ಅದು ಒಂದು ದಿನದಲ್ಲಿ ಮುಗಿಯುವ ಕಾರ್ಯವಾಗಿರಲಿಲ್ಲ. ಬುತ್ತಿ ಕಟ್ಟಿಸಿಕೊಂಡು ಹೋಗಿ, ಮೊದಲನೆಯ ದಿನವೆಲ್ಲ ಕೊಳ್ಳುವ ಇಚ್ಛೆಯೇ ಇಲ್ಲದ ವಿರಾಗಿಯಂತೆ ಹಳ್ಳಿಕಾರ್ ಜೋಡಿಗಳ ನಡುವೆ ಅಡ್ಡಾಡಿ, ಎರಡನೆಯ ದಿನ ಮನಸ್ಸಿಗೆ ಬಂದ ಎತ್ತಿನ ಬಾಯಗಲಿಸಿ ಹಲ್ಲು ಎಣಿಸಿ, ಮೈಮೇಲಿನ ಸುಳಿಗಳ ಶುಭಾಶುಭ ಫಲಗಳನ್ನು ವಿಚಾರಿಸಿ, ಗೊರಸು ತಟ್ಟಿ, ನಾಲ್ಕು ಹೆಜ್ಜೆ ನಡೆಯಿಸಿ ನೋಡಿ, ಕಟ್ಟಕಡೆಗೆ ದಳ್ಳಾಳಿಯ ಕೈಯನ್ನು ಹೆಗಲ ವಲ್ಲಿಯ ಮರೆಯಲ್ಲಿ ಹಿಡಿದು, ತುಟಿಪಿಟಕ್ಕೆನ್ನದೆ ಬೆರಳುಗಳಿಂದಲೇ ಬೆಲೆ ಕಟ್ಟಿ, ಮೂರನೆಯ ದಿನದ ಸಂಜೆಗೆ ಅವರು ಜೋಡಿಯನ್ನು ಹೊಡೆದುಕೊಂಡು ಊರಿಗೆ ಬರುತ್ತಿದ್ದರು. ಇಷ್ಟು ಪರೀಕ್ಷೆಗಳನ್ನು ದಾಟಿ ಬಂದ ಎತ್ತುಗಳಲ್ಲಿ ಒಂದು, ನೊಗವನ್ನು ಕಂಡ ಕೂಡಲೆ ನಡುದಾರಿಯಲ್ಲಿ ಮಲಗಿಬಿಡುತ್ತಿದ್ದುದು ಬೇರೆಯ ಮಾತು. ಹಲ್ಲಿನಿಂದ ವಯಸ್ಸು ತಿಳಿಯುತ್ತದೆ, ಸುಳಿಯಿಂದ ಅದೃಷ್ಟ ತಿಳಿಯುತ್ತದೆ. ಮಲಗುವ ಬುದ್ಧಿ ಮಾತ್ರ ಮನೆಗೆ ಬಂದ ಮೇಲೆಯೇ ತಿಳಿಯತಕ್ಕದ್ದು.

ಈ ಹಳೆಯ ಸಂಗತಿ ಈಗ ನೆನಪಿಗೆ ಬರುವುದಕ್ಕೆ ಕಾರಣ, ನಾನೂ ಕೊಳ್ಳುವವನಾಗಿ ನಿಲ್ಲಬೇಕಾಗಿ ಬಂದುದು, ಎತ್ತನ್ನಲ್ಲ, ಗಣಕಯಂತ್ರವನ್ನು. ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಹನುಮಂತನಗರದ ಈ ಮನೆಯಲ್ಲಿ ಎತ್ತು ಕಟ್ಟುವ ಸ್ಥಳವೂ ಇಲ್ಲ, ಉಳುವ ಹೊಲವೂ ಇಲ್ಲ. ಉಳುವುದೇನಿದ್ದರೂ ಕಾಗದದ ಮೇಲೆ, ಅದೂ ಈಚೆಗೆ ಕಾಗದವಲ್ಲದ ಕಾಗದದ ಮೇಲೆ. ಹನ್ನೆರಡು ವರ್ಷಗಳ ಹಿಂದೆ ಎಸ್.ಪಿ. ರಸ್ತೆಗೆ ಹೋಗಿ, ಒಂದು ಅಂಗಡಿಯಲ್ಲಿ ಮದರ್‌ಬೋರ್ಡು, ಇನ್ನೊಂದರಲ್ಲಿ ಕ್ಯಾಬಿನೆಟ್ಟು, ಮೆಟ್ಟಿಲು ಹತ್ತಿದರೆ ಸಿಕ್ಕುವ ಮತ್ತೊಂದು ಗೂಡಿನಂತಹ ಅಂಗಡಿಯಲ್ಲಿ ಕೀಬೋರ್ಡು, ಹೀಗೆ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಸಂಪಾದಿಸಿ, ಜರಾಸಂಧನನ್ನು ಕೂಡಿಸಿದಂತೆ ಕೂಡಿಸಿ ತಂದ ಪೆಟ್ಟಿಗೆಯೊಂದು ನನ್ನ ಮೇಜಿನ ಕೆಳಗೆ ಈವರೆಗೆ ಗುಂಯ್ಗುಡುತ್ತಿದ್ದಿತು. ಬೆಳಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ, ಕಾಫಿ ಕುಡಿದು ಬಂದರೆ ಅದು ಕೆಲಸಕ್ಕೆ ಸಿದ್ಧವಾಗಿರುತ್ತಿದ್ದಿತು. ನನ್ನ ಬರವಣಿಗೆಯ ವೇಗಕ್ಕೂ ಅದರ ಆಲೋಚನೆಯ ವೇಗಕ್ಕೂ ಹೊಂದಾಣಿಕೆಯಿದ್ದುದರಿಂದ ನಮ್ಮಿಬ್ಬರಲ್ಲಿ ಮನಸ್ತಾಪಕ್ಕೆ ಆಸ್ಪದವಿರಲಿಲ್ಲ.

ಆದರೆ ಕಾಲ ಯಾರನ್ನೂ ಬಿಡುವುದಿಲ್ಲ. ನನ್ನ ಪೆಟ್ಟಿಗೆಯೊಳಗಿದ್ದ ವಿಂಡೋಸ್ 10ಕ್ಕೆ ಅದರ ನಿರ್ಮಾತೃಗಳು ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯತಕ್ಕದ್ದೆಂದು ಬಹು ಹಿಂದೆಯೇ ನಿಷ್ಕರ್ಷೆಯಾಗಿದ್ದಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಏರೋಣವೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ, ಗುಟ್ಟುಗಳನ್ನು ಕಾಯುವ ಒಂದು ವ್ಯವಸ್ಥೆಯಿರಬೇಕು. ನನ್ನ ಜರಾಸಂಧನಲ್ಲಿ ಅಂತಹುದಿರಲಿಲ್ಲ. ಅದು ಹುಟ್ಟಿದ ಕಾಲಕ್ಕೆ ಗುಟ್ಟುಗಳನ್ನು ಮನುಷ್ಯರೇ ಕಾಯುತ್ತಿದ್ದರು. ಅಕ್ಟೋಬರ್ 1ರ ಆಯುಧಪೂಜೆಯಂದು ನನ್ನ ಮನೆಯವರು ಎಂದಿನಂತೆ ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವನ್ನು ಮುಡಿಸಿದರು. ಪೂಜೆ ನಡೆದು ಹದಿಮೂರು ದಿನಗಳು ಕಳೆದ ಮೇಲೆ ಅದರ ಆಯುಸ್ಸು ಮುಗಿಯಿತು. ಹದಿಮೂರನೆಯ ದಿನದ ಲೆಕ್ಕ ನಮ್ಮಲ್ಲಿ ಯಾವುದಕ್ಕೆ ಸಲ್ಲುತ್ತದೆಯೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜಾತಕದ ವಿಷಯದಲ್ಲಿ, ಮನೆ ಕಟ್ಟಿಸುವ ವಿಷಯದಲ್ಲಿ, ಮಂಡಿನೋವಿನ ವಿಷಯದಲ್ಲಿ ನಮ್ಮ ಜನ ಕೇಳದೆಯೇ ಸಲಹೆ ಕೊಡುವವರೆಂಬುದನ್ನು ನಾನು ಬಲ್ಲೆ. ಗಣಕವೂ ಆ ಪಟ್ಟಿಗೆ ಸೇರಿದೆಯೆಂಬುದು ಮಾತ್ರ ತಿಳಿದಿರಲಿಲ್ಲ. ಸುದ್ದಿ ಹರಡಿದ ವಾರದಲ್ಲಿಯೇ ಮೂವರು ಬಂದರು. ಮೊದಲನೆಯವರು ಪಕ್ಕದ ಮನೆಯ ರಾಯರು; ಬ್ಯಾಂಕಿನಿಂದ ನಿವೃತ್ತರಾದವರು; ಜಗತ್ತಿನ ಸಕಲ ವ್ಯವಹಾರವೂ ಮೂರು ಪ್ರತಿಗಳಲ್ಲಿ ನಡೆಯಬೇಕೆಂದು ನಂಬಿದವರು. "ಮೇಷ್ಟ್ರೇ, ಹೆಚ್ಚು ಯೋಚಿಸಬೇಡಿ. ವಿಂಡೋಸೇ ತಗೊಳ್ಳಿ. ಊರೆಲ್ಲ ಹೋಗೋ ದಾರೀಲಿ ಹೋದ್ರೆ ಭಯ ಇಲ್ಲ" ಎಂದರು. ಎರಡನೆಯವರು ವೈಟ್‌ಫೀಲ್ಡಿನಿಂದ ಎರಡು ಗಂಟೆ ಕಾರು ನಡೆಸಿಕೊಂಡು ಬಂದ ನಮ್ಮ ಅಳಿಯಂದಿರು. ಅವರು ಮಾತಿಗೆ ಮೊದಲು ಚೀಲದಿಂದ ತಮ್ಮ ಮ್ಯಾಕ್‌ಬುಕ್ಕನ್ನು ತೆಗೆದು, ಸಂಪುಷ್ಟದಿಂದ ಸಾಲಿಗ್ರಾಮವನ್ನು ತೆಗೆಯುವ ಭಕ್ತಿಯಿಂದ ಮೇಜಿನ ಮೇಲಿಟ್ಟು, "ಮಾವ, ಒಂದ್ಸಲ ಇದನ್ನ ತಗೊಂಡ್ರೆ ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ" ಎಂದರು. ಮೂರನೆಯವನು ಎರಡು ಬೀದಿಯಾಚೆ ಇರುವ ನನ್ನ ತಂಗಿಯ ಮಗ. ಗಡ್ಡ ಬಿಟ್ಟ ಹುಡುಗ. ಭಾನುವಾರದ ತಿಂಡಿಗೆ ತಪ್ಪದೆ ಬರುವವನು. ಅವನು ಕೋಡುಬಳೆಯ ತಟ್ಟೆಯಿಂದ ತಲೆಯೆತ್ತದೆ, "ಹೊಸದ್ಯಾಕೆ ಮಾವ? ಹಳೇದಕ್ಕೇ ಲಿನಕ್ಸ್ ಹಾಕ್ಕೊಡ್ತೀನಿ. ಎರಡು ಗಂಟೆ ಕೆಲಸ" ಎಂದನು.

ಇಟಲಿಯ ಲೇಖಕ ಉಂಬರ್ಟೊ ಎಕೊ 1994ರಲ್ಲಿಯೇ ಒಂದು ಲೇಖನ ಬರೆದು, ಗಣಕಗಳ ನಡುವಣ ಈ ಜಗಳ ವಾಸ್ತವವಾಗಿ ಮತೀಯವಾದುದೆಂದೂ, ಮ್ಯಾಕಿಂಟೋಷ್ ಕ್ಯಾಥೊಲಿಕ್ ಪಂಥಕ್ಕೂ ಡಾಸ್ ಪ್ರಾಟೆಸ್ಟೆಂಟ್ ಪಂಥಕ್ಕೂ ಸೇರಿದುವೆಂದೂ ವಿನೋದವಾಗಿ ಪ್ರತಿಪಾದಿಸಿದ್ದರು. ಆತ ಇಟಲಿಯವರಾದುದರಿಂದ ಎರಡೇ ಪಂಥಗಳಿಗೆ ತೃಪ್ತರಾದರು. ಶೃಂಗೇರಿ, ಉಡುಪಿ, ಕೂಡಲಸಂಗಮಗಳು ಒಂದೇ ರಾಜ್ಯದೊಳಗಿರುವ ನಮ್ಮಂತಹವರಿಗೆ ಅಷ್ಟರಿಂದ ತೃಪ್ತಿಯಾಗುವುದೆಂತು? ನಾನು ಮೂವರ ವಾದಗಳನ್ನೂ ಒಂದು ತಿಂಗಳ ಕಾಲ ಶ್ರವಣ ಮಾಡಿ, ಮನನ ಮಾಡಿ, ಈ ಮುಂದಿನ ನಿರ್ಣಯಕ್ಕೆ ಬಂದಿದ್ದೇನೆ. ಆಯಾ ಮತದ ಹಿರಿಯರು ಇದನ್ನು ಮೇಷ್ಟರ ಹರಟೆಯೆಂದು ಕ್ಷಮಿಸಬೇಕು.

ರಾಯರದು ದ್ವೈತ. ಯಂತ್ರ ಬೇರೆ, ಯಂತ್ರವನ್ನು ಒಳಗಿದ್ದು ನಡೆಯಿಸುವ ಶಕ್ತಿ ಬೇರೆ. ಈ ಭೇದ ಸತ್ಯ, ನಿತ್ಯ. ಅನಾದಿಯೆಂದು ಹೇಳುವಂತಿಲ್ಲ, ಏಕೆಂದರೆ ಅದರ ಆದಿ 1981ರ ಆಗಸ್ಟ್ ತಿಂಗಳು. ಐಬಿಎಂ ಕಂಪೆನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಆಗ ಪೇಟೆಗೆ ಬಿಟ್ಟಾಗ, ಅದರ ಮಿದುಳನ್ನು ಇಂಟೆಲ್‌ನಿಂದಲೂ, ಅದನ್ನು ನಡೆಯಿಸುವ ಡಾಸ್ ಎಂಬ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್‌ನಿಂದಲೂ ತರಿಸಿಕೊಂಡಿತು. ಬಿಲ್ ಗೇಟ್ಸರು ವ್ಯವಸ್ಥೆಯನ್ನು ಕೊಟ್ಟರು. ಆದರೆ ಅದನ್ನೇ ಇತರರಿಗೂ ಮಾರುವ ಹಕ್ಕನ್ನು ತಮ್ಮಲ್ಲಿಯೇ ಉಳಿಸಿಕೊಂಡರು. ಹಸುವನ್ನು ಮಾರಿ ಕರುಗಳ ಹಕ್ಕನ್ನು ಕೈಬಿಡದ ಇಂತಹ ವ್ಯಾಪಾರವನ್ನು ಘಾಟಿ ಜಾತ್ರೆಯ ದಳ್ಳಾಳಿಯೂ ಕಂಡಿರಲಾರ. ಐಬಿಎಂನ ಯಂತ್ರವನ್ನು ಅನುಕರಿಸಿ ಕಾಂಪ್ಯಾಕ್ ಮೊದಲಾದವರು ಯಂತ್ರಗಳನ್ನು ಮಾಡತೊಡಗಿದರು. ಎಲ್ಲರೂ ಅದೇ ವ್ಯವಸ್ಥೆಗೆ ಕಪ್ಪಕಾಣಿಕೆ ಕೊಟ್ಟರು. ಕಡೆಕಡೆಗೆ ಐಬಿಎಂ ಆ ವ್ಯಾಪಾರವನ್ನೇ ಬಿಟ್ಟುಕೊಟ್ಟು ಹೊರಟಿತು, ಕರುಗಳು ಮಾತ್ರ ಇಂದಿಗೂ ಹುಟ್ಟುತ್ತಲೇ ಇವೆ.

ಈ ಮತದಲ್ಲಿ ಭೇದಗಳು ಅನೇಕ. ಪೆಟ್ಟಿಗೆಗೂ ಪರದೆಗೂ ಭೇದ, ಪರದೆಗೂ ಕೀಬೋರ್ಡಿಗೂ ಭೇದ, ಒಂದು ಪೆಟ್ಟಿಗೆಗೂ ಇನ್ನೊಂದು ಪೆಟ್ಟಿಗೆಗೂ ಭೇದ, ಪ್ರಿಂಟರಿಗೂ ಅದರ ಡ್ರೈವರಿಗೂ ಭೇದ. ಈ ಕಡೆಯ ಭೇದವನ್ನು ಸಾಧಿಸಲು ಆಗಮ, ಅನುಮಾನಗಳ ನೆರವು ಬೇಕಾಗಿಯೇ ಇಲ್ಲ, ಪ್ರತ್ಯಕ್ಷ ಪ್ರಮಾಣವೇ ಸಾಕು. ತಾರತಮ್ಯವೂ ಉಂಟು. ಹೋಮ್ ಎಂಬುದು ಸಾಮಾನ್ಯ ಜೀವರಿಗೆ, ಪ್ರೊ ಎಂಬುದು ಅದಕ್ಕಿಂತ ಮೇಲಿನವರಿಗೆ, ಎಂಟರ್‌ಪ್ರೈಸ್ ಎಂಬುದು ದೊಡ್ಡ ದೊಡ್ಡ ಸಂಸ್ಥೆಗಳಿಗೆ; ಹೋಮ್‌ನವನು ಎಷ್ಟು ಸಾಧನೆ ಮಾಡಿದರೂ ದುಡ್ಡು ಕೊಡದೆ ಪ್ರೊ ಆಗಲಾರ. ಹಾಗೆಂದು ಈ ಮತವನ್ನು ಹಗುರವಾಗಿ ಕಾಣುವಂತಿಲ್ಲ. ಹದಿನೈದು ವರ್ಷಗಳ ಹಿಂದಿನ ಪ್ರಿಂಟರನ್ನು ಇಂದಿನ ಯಂತ್ರಕ್ಕೆ ಸಿಕ್ಕಿಸಿದರೆ ಗೊಣಗುತ್ತಲಾದರೂ ಕೆಲಸಮಾಡುವ ಸಂಭವ ಇದರಲ್ಲಿಯೇ ಹೆಚ್ಚು. ಹಳೆಯ ನೆಂಟರನ್ನು ಇದು ಸುಲಭವಾಗಿ ಹೊರಕ್ಕೆ ದಬ್ಬುವುದಿಲ್ಲ. ಊರೆಲ್ಲ ಹೋಗುವ ದಾರಿಯಲ್ಲಿಯೇ ಕಳ್ಳರೂ ಕಾದಿರುತ್ತಾರೆಂಬುದನ್ನು, ಎಂದರೆ ವೈರಸ್ಸುಗಳ ವಿಷಯವನ್ನು, ನಾನು ಮೆಲ್ಲನೆ ಎತ್ತಿದಾಗ ರಾಯರು, "ಅದಕ್ಕೇನ್ ಮಾಡ್ತೀರಿ ಮೇಷ್ಟ್ರೇ, ಬ್ಯಾಂಕಿಗೂ ಕಳ್ಳರು ಬರ್ತಾರೆ" ಎಂದು ಮಾತು ಮುಗಿಸಿದರು.

ಅಳಿಯಂದಿರದು ಅದ್ವೈತ. ಯಂತ್ರವೂ ಅದರೊಳಗಿನ ಚೈತನ್ಯವೂ ಬೇರೆ ಬೇರೆಯಲ್ಲ. ಎರಡನ್ನೂ ಮಾಡುವವರು ಒಬ್ಬರೇ. ಎರಡಾಗಿ ಕಾಣುವುದು ನಮ್ಮ ಅಜ್ಞಾನ. ಈ ದರ್ಶನ 1984ರ ಜನವರಿಯಲ್ಲಿ, 128 ಕಿಲೋಬೈಟ್ ನೆನಪಿನ ಒಂದು ಪುಟ್ಟ ಪೆಟ್ಟಿಗೆಯಾಗಿ ಲೋಕಕ್ಕೆ ಪ್ರಕಟವಾಯಿತು. ಆಪಲ್ ಕಂಪೆನಿ ಅದಕ್ಕಿಟ್ಟ ಮ್ಯಾಕಿಂಟೋಷ್ ಎಂಬುದು ಒಂದು ಜಾತಿಯ ಸೇಬಿನ ಹೆಸರು. ಅದ್ವೈತದಲ್ಲಿ ಮಾಯೆಯಿಲ್ಲದೆ ನಡೆಯದು. ಇಲ್ಲಿಯೂ ಪರದೆಯ ಮೇಲೆ ಕಾಣುವ ಮೇಜು ಮೇಜಲ್ಲ, ಕಡತ ಕಡತವಲ್ಲ, ಕಸದ ಬುಟ್ಟಿ ಕಸದ ಬುಟ್ಟಿಯಲ್ಲ. ಇವೆಲ್ಲ ರಜ್ಜುಸರ್ಪದಂತೆ ಆರೋಪಿತವಾದುವು. ಈ ಮಾಯೆಯ ಮೂಲವನ್ನು ಹುಡುಕಿಕೊಂಡು ಹೋದರೆ, 1968ರಲ್ಲಿ ಇಲಿಯ ಪ್ರಯೋಗವನ್ನು ಸಭೆಯ ಮುಂದೆ ತೋರಿಸಿದ ಡಗ್ಲಸ್ ಎಂಗೆಲ್‌ಬಾರ್ಟರೂ, ಎಪ್ಪತ್ತರ ದಶಕದಲ್ಲಿ ಕಿಟಕಿಗಳನ್ನೂ ಚಿತ್ರಗಳನ್ನೂ ಪರದೆಗೆ ತಂದ ಜೆರಾಕ್ಸ್ ಕಂಪೆನಿಯ ಸಂಶೋಧಕರೂ ಸಿಕ್ಕುತ್ತಾರೆ, ಗೌಡಪಾದರಿಲ್ಲದೆ ಶಂಕರರಿಲ್ಲವಷ್ಟೆ. ಹಳೆಯ ಮ್ಯಾಕುಗಳಲ್ಲಿ ಒಳಗೆ ಹಾಕಿದ ಡಿಸ್ಕನ್ನು ಕ್ಷೇಮವಾಗಿ ಹೊರತೆಗೆಯಬೇಕಾದರೆ ಅದರ ಚಿತ್ರವನ್ನು ಎಳೆದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಬೇಕಾಗಿದ್ದಿತು. ತ್ಯಜಿಸಿದವನಿಗೇ ಪ್ರಾಪ್ತಿಯೆಂಬ ಉಪನಿಷತ್ತಿನ ಭಾವವನ್ನು ಇಷ್ಟು ಸಾಕ್ಷಾತ್ತಾಗಿ ಬೋಧಿಸಿದ ಯಂತ್ರ ಮತ್ತೊಂದಿಲ್ಲ.

ಆತ್ಮ ಒಂದೇ, ದೇಹಗಳು ಬದಲಾಗುತ್ತವೆ ಎಂಬ ಮಾತೂ ಇಲ್ಲಿ ಅಕ್ಷರಶಃ ನಿಜ. ಮೊದಲು ಮೊಟೊರೊಲಾದ ಮಿದುಳು, 1994ರಿಂದ ಪವರ್‌ಪಿಸಿ, 2006ರಿಂದ ಇಂಟೆಲ್, 2020ರಿಂದ ಸ್ವಂತದ್ದು. ಹೀಗೆ ಮೂರು ಸಲ ದೇಹಾಂತರವಾದರೂ ಭಕ್ತರ ನಿಷ್ಠೆ ಕದಲಿಲ್ಲ. ಇಂಟೆಲ್ ಬೇರೆಯವರಲ್ಲಿದ್ದಾಗ ಹೇಯವಾಗಿಯೂ, ತಮ್ಮಲ್ಲಿಗೆ ಬಂದಾಗ ಪೂಜ್ಯವಾಗಿಯೂ, ತಮ್ಮಿಂದ ಹೋದ ಮೇಲೆ ಮತ್ತೆ ಹೇಯವಾಗಿಯೂ ಕಂಡುದರಲ್ಲಿ ಅವರಿಗೆ ಯಾವ ವಿರೋಧವೂ ತೋರಲಿಲ್ಲ. ಆದರೆ ನನಗೆ ತೊಡಕಾದುದು ಬೇರೊಂದು. "ಮುಂದೆ ನೆನಪಿನ ಶಕ್ತಿ ಸಾಲದಾದರೆ ಸೇರಿಸಿಕೊಳ್ಳಬಹುದೆ?" ಎಂದು ಕೇಳಿದೆ. ಅಳಿಯಂದಿರು ಸ್ವಲ್ಪ ತಡೆದು, "ಅದು ಒಳಗೇ ಬೆಸೆದುಬಿಟ್ಟಿರುತ್ತೆ ಮಾವ, ಕೊಳ್ಳುವಾಗ ಎಷ್ಟು ಇರುತ್ತೋ ಅಷ್ಟೇ" ಎಂದರು. ಹುಟ್ಟುವಾಗ ಬ್ರಹ್ಮ ಹಣೆಯಲ್ಲಿ ಬರೆದಷ್ಟೇ ನೆನಪು! ತಂದೆಯವರು ನೆನಪಿಗೆ ಬಂದರು. ಬಾಯಗಲಿಸಿ ಹಲ್ಲು ಎಣಿಸಲು ಬಿಡದ ಎತ್ತನ್ನು ಅವರು ಮುಟ್ಟುತ್ತಿರಲಿಲ್ಲ. ಇದಕ್ಕಾದರೋ ಬಾಯೇ ಇಲ್ಲ. ಬೆಲೆಯನ್ನು ವಿಚಾರಿಸಿದಾಗ 99,900 ಎಂದು ತಿಳಿಯಿತು. ಲಕ್ಷಕ್ಕೆ ನೂರು ಕಡಿಮೆಮಾಡಿ ಲಕ್ಷವಲ್ಲವೆನ್ನಿಸುವ ಈ ಉಪಾಯವನ್ನು ಚಪ್ಪಲಿಯ ಅಂಗಡಿಗಳಲ್ಲಿ ಮಾತ್ರ ಕಂಡಿದ್ದ ನಾನು, ಅದ್ವೈತದಲ್ಲಿಯೂ ವ್ಯಾವಹಾರಿಕ ಸತ್ಯಕ್ಕೆ ಸ್ಥಾನವಿದೆಯೆಂಬುದನ್ನು ಜ್ಞಾಪಿಸಿಕೊಂಡು ಸುಮ್ಮನಾದೆ.

ತಂಗಿಯ ಮಗನದು ದಾಸೋಹದ ಮಾರ್ಗ. ಗುಡಿ ಬೇಡ, ಪೂಜಾರಿ ಬೇಡ, ಕಾಣಿಕೆ ಬೇಡ. ಪ್ರತಿಯೊಬ್ಬನೂ ತನ್ನ ದೈವವನ್ನು ತನ್ನ ಅಂಗೈಯಲ್ಲಿಯೇ ಇಟ್ಟುಕೊಳ್ಳಬಹುದು. ಬೇಕಾದರೆ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಹಂಚಬಹುದು. 1991ರಲ್ಲಿ ಹೆಲ್ಸಿಂಕಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಕೇವಲ ಹವ್ಯಾಸಕ್ಕೆಂದು ಹೇಳಿಕೊಂಡು ಆರಂಭಿಸಿದ ಈ ಕಾಯಕಕ್ಕೆ ಲೋಕದ ಮೂಲೆಮೂಲೆಯಿಂದ ಶರಣರು ಬಂದು ಕೂಡಿಕೊಂಡರು. ಅದಕ್ಕೂ ಮುಂಚೆ, 1983ರಿಂದಲೂ, ರಿಚರ್ಡ್ ಸ್ಟಾಲ್‌ಮನ್ ಎಂಬುವರು ತಂತ್ರಾಂಶಕ್ಕೆ ಸ್ವಾತಂತ್ರ್ಯ ಬೇಕೆಂದು ಸಾರುತ್ತಲೇ ಬಂದಿದ್ದರು. ಪಾಪ, ಇಂಗ್ಲಿಷಿನಲ್ಲಿ ಸ್ವಾತಂತ್ರ್ಯಕ್ಕೂ ಪುಕ್ಕಟೆಗೂ ಒಂದೇ ಶಬ್ದವಿರುವುದರಿಂದ, ತಾವು ಹೇಳುತ್ತಿರುವುದು ಇದು, ಅದಲ್ಲ ಎಂದು ವಿವರಿಸುವುದರಲ್ಲಿಯೇ ಅವರ ಆಯುಸ್ಸಿನ ಬಹುಭಾಗ ಕಳೆಯಿತು. ಕನ್ನಡದಲ್ಲಿ ಎರಡಕ್ಕೂ ಎರಡು ಬೇರೆ ಬೇರೆ ಶಬ್ದಗಳಿವೆ. ಆದರೆ ಮೊದಲನೆಯದನ್ನು ಎಷ್ಟು ಗಟ್ಟಿಯಾಗಿ ಕೂಗಿ ಹೇಳಿದರೂ ನಮ್ಮವರ ಕಿವಿಗೆ ಬೀಳುವುದು ಎರಡನೆಯದೇ. ನನ್ನ ಕಿವಿಯೂ ಇದಕ್ಕೆ ಹೊರತಾಗಿರಲಿಲ್ಲ.

ಈ ಮತಕ್ಕೆ ಲಾಂಛನ ಪೆಂಗ್ವಿನ್. ಹಾರಲಾರದ ಹಕ್ಕಿಯನ್ನು ಸ್ವಾತಂತ್ರ್ಯದ ಗುರುತಾಗಿ ಇಟ್ಟುಕೊಂಡವರ ವಿನಯವನ್ನು ಮೆಚ್ಚತಕ್ಕದ್ದೇ. ತೊಂದರೆಯಿರುವುದು ಮಠಗಳ ಸಂಖ್ಯೆಯಲ್ಲಿ. "ಯಾವ ಲಿನಕ್ಸ್ ಹಾಕುತ್ತೀಯೋ?" ಎಂದು ಕೇಳಿದ ತಪ್ಪಿಗೆ ಅವನು ಡೆಬಿಯನ್, ಉಬುಂಟು, ಮಿಂಟ್, ಫೆಡೋರ, ಆರ್ಚ್ ಎಂದು ಬೆರಳು ಮಡಿಸುತ್ತಾ ಹೋಗಿ, ಕೋಡುಬಳೆಯ ಕೈ ಮುಗಿದ ಮೇಲೆ ಎಡಗೈಯನ್ನೂ ಹಿಡಿದನು. ಇವುಗಳಲ್ಲಿ ಉಬುಂಟುವಿನಿಂದ ಮಿಂಟ್ ಹುಟ್ಟಿತಂತೆ, ಡೆಬಿಯನ್ನಿನಿಂದ ಉಬುಂಟು ಹುಟ್ಟಿತಂತೆ. ಆದರೂ ಒಬ್ಬರ ಮನೆಯಲ್ಲಿ ಒಬ್ಬರು ಊಟಮಾಡುವುದಿಲ್ಲವಂತೆ. ನಮ್ಮ ನಾಡಿನ ಒಳಪಂಗಡಗಳ ಚರಿತ್ರೆಯನ್ನು ಬಲ್ಲ ನನಗೆ ಇದರಿಂದ ಆಶ್ಚರ್ಯವಾಗದೆ, ಮನೆಯ ಮಾತನ್ನು ಕೇಳಿದಂತಾಯಿತು.

ಇಂತು ಮೂವರೂ ನಮ್ಮ ನಡುಮನೆಯಲ್ಲಿ ಒಂದು ಭಾನುವಾರ ಸಂಧಿಸಿ, ಪರಸ್ಪರ ಖಂಡನೆ ಮಂಡನೆಗಳಲ್ಲಿ ತೊಡಗಿದ್ದಾಗ, ನಾನು ಓದಿ ತಿಳಿದಿದ್ದ ಒಂದು ಸಂಗತಿಯನ್ನು ಸಭೆಯ ಮುಂದಿಟ್ಟೆ. 1997ರ ಆಗಸ್ಟ್‌ನಲ್ಲಿ ಆಪಲ್ ಕಂಪೆನಿ ಬಹಳ ಕಷ್ಟದಲ್ಲಿದ್ದಾಗ, ಅದರಲ್ಲಿ 15 ಕೋಟಿ ಡಾಲರುಗಳನ್ನು ತೊಡಗಿಸಿದವರು ಬೇರೆ ಯಾರೂ ಅಲ್ಲ, ಮೈಕ್ರೋಸಾಫ್ಟಿನವರೇ. ಬಾಸ್ಟನ್ನಿನಲ್ಲಿ ಸ್ಟೀವ್ ಜಾಬ್ಸರು ವೇದಿಕೆಯ ಮೇಲಿಂದ ಇದನ್ನು ಪ್ರಕಟಿಸಿದಾಗ, ಹಿಂದಿನ ದೊಡ್ಡ ಪರದೆಯಲ್ಲಿ ಬಿಲ್ ಗೇಟ್ಸರ ಮುಖ ಮೂಡಿತು. ನೆರೆದ ಭಕ್ತರಲ್ಲಿ ಕೆಲವರು ಛೀಮಾರಿ ಹಾಕಿದರು. ತುಂಗಭದ್ರೆಯ ದಡದ ಹರಿಹರದಲ್ಲಿ ಒಂದೇ ವಿಗ್ರಹದ ಅರ್ಧದಲ್ಲಿ ಹರಿಯೂ ಅರ್ಧದಲ್ಲಿ ಹರನೂ ನಿಂತಿರುವುದನ್ನು ಕಂಡಿರುವ ನಮಗೆ ಇದರಲ್ಲಿ ಹೊಸತೇನೂ ಇಲ್ಲ. ದೇವರುಗಳು ಎಂದೋ ರಾಜಿಯಾಗಿರುತ್ತಾರೆ. ಸುದ್ದಿ ತಲುಪದೆ ಉಳಿಯುವುದು ಭಕ್ತರಿಗೆ. ನನ್ನ ಈ ಸಮನ್ವಯವನ್ನು ಮೂವರೂ ಸಮಾನವಾದ ತಿರಸ್ಕಾರದಿಂದ ಕೇಳಿ, ಮತ್ತೆ ಜಗಳಕ್ಕೆ ಹಿಂದಿರುಗಿದರು. ಆ ಜಗಳದಲ್ಲಿ ಭಾಗವಹಿಸದೆ ಎಲ್ಲರಿಗೂ ಎರಡನೆಯ ಸಲ ಕಾಫಿ ತಂದುಕೊಟ್ಟವರು ನನ್ನ ಮನೆಯವರೊಬ್ಬರೇ.

ಪರರ ಮಾತು ಸಾಕು, ನನ್ನದೇ ಆದ ಪರೀಕ್ಷೆಯೊಂದನ್ನು ಮಾಡುವುದೇ ಸರಿಯೆಂದು ನಿಶ್ಚಯಿಸಿ, ಒಂದು ಬುಧವಾರ ಥಳಥಳಿಸುವ ದೊಡ್ಡ ಅಂಗಡಿಯೊಂದನ್ನು ಹೊಕ್ಕೆ. ತಂದೆಯವರಿಗೆ ಹಲ್ಲು ಹೇಗೋ ಹಾಗೆ ನನಗೆ ಒತ್ತಕ್ಷರ. ಗಣಕಕ್ಕೆ ಎಷ್ಟು ಗಿಗಾಬೈಟಿದ್ದರೇನು, 'ಸ್ವಾತಂತ್ರ್ಯ' ಎಂಬ ಪದವನ್ನು ಸರಿಯಾಗಿ ಬರೆಯಲಾರದಿದ್ದರೆ ಅದು ನನ್ನ ಹೊಲವನ್ನು ಉಳಲಾರದು. ತಕಾರಕ್ಕೆ ರಕಾರದ ಒತ್ತು, ಅದಕ್ಕೆ ಮತ್ತೆ ಯಕಾರದ ಒತ್ತು. ನೋಡುವುದಕ್ಕೆ ಮೂರೇ ಅಕ್ಷರಗಳ ಈ ಪದವನ್ನು ಯಂತ್ರ ಹನ್ನೊಂದು ಸಂಕೇತಗಳಾಗಿ ಬಿಡಿಸಿ ನುಂಗಿಕೊಂಡು, ಪರದೆಗೆ ಬರುವಾಗ ಮತ್ತೆ ಮೂರಾಗಿ ಕೂಡಿಸಬೇಕು. ಕತ್ತಿನಲ್ಲಿ ಪಟ್ಟಿ ಕಟ್ಟಿಕೊಂಡ ಒಬ್ಬ ತರುಣ ಬಂದು, ರ‍್ಯಾಮು, ಎಸ್ಎಸ್‌ಡಿ, ಪ್ರೊಸೆಸರ್ ಎಂದು ಸಹಸ್ರನಾಮವನ್ನು ಆರಂಭಿಸಿದನು. ನಾನು ಅವನನ್ನು ತಡೆದು ಕೇಳಿದೆ:

"ಇದರಲ್ಲಿ ಸ್ವಾತಂತ್ರ್ಯ ಬರುತ್ತದೆಯೆ?"

ಅವನು ಕ್ಷಣಕಾಲ ಯೋಚಿಸಿ ಹೇಳಿದನು: "ಇಲ್ಲ ಸಾರ್. ಒಂದು ವರ್ಷ ವಾರಂಟಿ ಬರುತ್ತೆ. ಬ್ಯಾಗ್ ಫ್ರೀ."

ಕೊನೆಗೆ ನಾನೇ ಕುಳಿತು ಒಂದೊಂದೇ ಯಂತ್ರದಲ್ಲಿ ಕನ್ನಡದ ಕೀಲಿಮಣೆಯನ್ನು ಹುಡುಕಿ ತೆಗೆದು ಒತ್ತಿ ನೋಡಿದೆ. ವಿಂಡೋಸ್‌ನಲ್ಲಿ ಸ್ವಾತಂತ್ರ್ಯ ಬಂದಿತು. ಮ್ಯಾಕಿನಲ್ಲಿಯೂ ಬಂದಿತು, ಅಕ್ಷರ ಸ್ವಲ್ಪ ತೆಳ್ಳಗೆ, ಸ್ವಲ್ಪ ಅಂದವಾಗಿ. ತಂಗಿಯ ಮಗನ ಯಂತ್ರದಲ್ಲಿಯೂ ಆ ಸಂಜೆ ಪರೀಕ್ಷಿಸಿದೆ, ಅಲ್ಲಿಯೂ ಬಂದಿತು. ಪರಸ್ಪರ ಮುಖ ನೋಡದ ಮೂರು ಮತಗಳೂ ನಮ್ಮ ತ್ರ್ಯಕಾರದ ವಿಷಯದಲ್ಲಿ ಒಮ್ಮತದಿಂದಿದ್ದವು! ಕಾರಣವನ್ನು ವಿಚಾರಿಸಿದರೆ, ಜೆರಾಕ್ಸ್ ಮತ್ತು ಆಪಲ್ ಕಂಪೆನಿಗಳ ಕೆಲವರು ಎಂಬತ್ತರ ದಶಕದ ಕೊನೆಯಲ್ಲಿ ಆರಂಭಿಸಿ, ಮೈಕ್ರೋಸಾಫ್ಟ್ ಮೊದಲಾದವರೂ ಕೂಡಿಕೊಂಡು, 1991ರಲ್ಲಿ ಪ್ರಕಟಿಸಿದ ಯೂನಿಕೋಡ್ ಎಂಬ ಪಟ್ಟಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ಥಾನ ಸಿಕ್ಕಿದ್ದಿತು. ನಾವು ಜಗಳವಾಡುವುದಕ್ಕೆ ಮುಂಚೆಯೇ ಅವರು ನಮ್ಮ ಒತ್ತಕ್ಷರವನ್ನು ಹಂಚಿಕೊಂಡು ಆಗಿದ್ದಿತು. ನನ್ನ ಹಲ್ಲಿನ ಪರೀಕ್ಷೆ ವ್ಯರ್ಥವಾಯಿತು. ಜಾತ್ರೆಯ ಎತ್ತುಗಳೆಲ್ಲಕ್ಕೂ ಎಂಟೆಂಟು ಹಲ್ಲು ಸರಿಯಾಗಿದ್ದರೆ ಕೊಳ್ಳುವವನು ಏನು ಮಾಡಬೇಕು?

ಇಷ್ಟಕ್ಕೆ ಬಿಡದೆ, ಜೇಬಿನಲ್ಲಿದ್ದ ಪೆನ್‌ಡ್ರೈವನ್ನು ಸಿಕ್ಕಿಸಿ, ಇಪ್ಪತ್ತು ವರ್ಷಗಳ ಹಿಂದೆ ಬರೆದಿಟ್ಟಿದ್ದ ಪ್ರಬಂಧವೊಂದನ್ನು ತೆರೆದೆ. ಪರದೆಯ ತುಂಬ ಕೊಂಬು ಬಾಲಗಳಿದ್ದ ರೋಮನ್ ಅಕ್ಷರಗಳು ಕುಣಿಯತೊಡಗಿದವು. ತರುಣನು ಭುಜದ ಮೇಲಿಂದ ಇಣುಕಿ, "ಸಾರ್ ಫ್ರೆಂಚ್ ಪ್ರೊಫೆಸರಾ?" ಎಂದು ಗೌರವದಿಂದ ಕೇಳಿದನು. ಆ ಕಾಲದ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಮನೆಗಳಲ್ಲಿ ನಮ್ಮ ಅಕ್ಷರಗಳ ತುಂಡುಗಳನ್ನು ಬಾಡಿಗೆಗೆ ಇರಿಸುತ್ತಿದ್ದವು. ಫಾಂಟು ಇಲ್ಲದ ಕಡೆ ಬಾಡಿಗೆದಾರರು ಮಾಯವಾಗಿ ಮನೆಯ ಯಜಮಾನರು ಕಾಣಿಸಿಕೊಳ್ಳುತ್ತಾರೆ. ನಕಾರದ ತುಂಡಿಗೆ ಸಿಕ್ಕಿದ ಮನೆ ಬ್ರಿಟಿಷರ ಪೌಂಡಿನ ಚಿಹ್ನೆ. ಹೀಗಾಗಿ, 'ಕನ್ನಡ' ಎಂದು ನಾನು ಅಭಿಮಾನದಿಂದ ಬರೆದಲ್ಲೆಲ್ಲ ನಟ್ಟನಡುವೆ ಒಂದು ಪೌಂಡು ಕುಳಿತಿದ್ದಿತು. ಕನ್ನಡದಿಂದ ನನಗೆ ಆದ ಒಟ್ಟು ವಿದೇಶೀ ವಿನಿಮಯದ ಲಾಭ ಇಷ್ಟೇ. ಈ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ದೊರೆಯುತ್ತವೆ. ಯಾವ ಮತದ ಯಂತ್ರವನ್ನು ಕೊಂಡರೂ ಆ ಪ್ರಾಯಶ್ಚಿತ್ತ ಮಾತ್ರ ತಪ್ಪಿದ್ದಲ್ಲ. ಅಂಗಡಿಯಿಂದ ಏನನ್ನೂ ಕೊಳ್ಳದೆ, ತಂದೆಯವರ ಮೊದಲನೆಯ ದಿನದ ವೈರಾಗ್ಯವನ್ನು ಮುಖದ ಮೇಲೆ ತಂದುಕೊಂಡು ಮನೆಗೆ ಬಂದೆ.

"ಒಂದು ತಿಂಗಳಾಯ್ತು, ಮೂರು ಡಬ್ಬಿ ಕಾಫಿಪುಡಿ ಖರ್ಚಾಯ್ತು. ಆ ಹುಡುಗ ಎರಡು ಗಂಟೆ ಕೆಲಸ ಅಂತ ಮೊದಲ್ನೇ ದಿನವೇ ಹೇಳಿದ್ನಲ್ಲ. ಕೆಟ್ಟರೆ ಹೇಗೂ ಕೆಟ್ಟಿರೋದೇ" ಎಂದರು ಮನೆಯವರು. ದ್ವೈತಾದ್ವೈತಗಳೆರಡನ್ನೂ ಏಕಕಾಲದಲ್ಲಿ ನಿರಾಕರಿಸಿದ ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುಭಾನುವಾರ ತಂಗಿಯ ಮಗ ಬಂದು, ಒಂದು ಪೆನ್‌ಡ್ರೈವಿನಿಂದ ನನ್ನ ಜರಾಸಂಧನಿಗೆ ಹೊಸ ಪ್ರಾಣ ತುಂಬಿದನು. ಎರಡು ಗಂಟೆಯ ಕೆಲಸ ಐದು ಗಂಟೆಯಾಯಿತು. ಅದರಲ್ಲಿ ಒಂದು ಗಂಟೆ ಊಟಕ್ಕೆ, ಎರಡು ಗಂಟೆ ಪ್ರಿಂಟರಿಗೆ ಹೋಯಿತು. ಕೆ.ಪಿ. ರಾವ್ ಅವರು ರೂಪಿಸಿಕೊಟ್ಟ ಧ್ವನ್ಯನುಸಾರಿ ಕೀಲಿಮಣೆಯ ಜಾಡಿನ ಕಗಪ ವಿನ್ಯಾಸ ಅದರಲ್ಲಿ ಮೊದಲೇ ಸೇರಿದ್ದಿತಾದುದರಿಂದ ನನ್ನ ಬೆರಳುಗಳು ಹೊಸ ಅಭ್ಯಾಸ ಮಾಡಬೇಕಾಗಲಿಲ್ಲ. ಗುಂಡಿ ಒತ್ತಿ ಸ್ನಾನಕ್ಕೆ ಹೊರಟರೆ, ನೀರು ಕಾಯುವುದಕ್ಕೆ ಮೊದಲೇ ಪರದೆ ಸಿದ್ಧವಾಗಿ ಕುಳಿತಿರುತ್ತಿದ್ದಿತು. ಅವನು ಕೆಲಸಮಾಡುವಾಗ ಮನೆಯವರು ಹಿಂದೆ ನಿಂತು, ಅವರೆಕಾಯಿ ಬಿಡಿಸುತ್ತಾ, ಆಗಾಗ ಏನೋ ಕೇಳುತ್ತಿದ್ದುದನ್ನು ನಾನು ಅಷ್ಟಾಗಿ ಲಕ್ಷಿಸಲಿಲ್ಲ.

ಮೂರು ವಾರಗಳು ಕಳೆದವು. ತಂಗಿಯ ಮಗನಿಗೆ ಪುಣೆಯಲ್ಲಿ ಕೆಲಸವಾಗಿ ಅವನು ಗಡ್ಡಸಮೇತ ಹೊರಟುಹೋದನು. ಆ ವಾರವೇ, ಬೆಳಗಾದರೆ ಪತ್ರಿಕೆಯವರಿಗೆ ಕೊಡಬೇಕಾಗಿದ್ದ ಲೇಖನವನ್ನು ಮುದ್ರಿಸಲು ಹೊರಟಾಗ ಪ್ರಿಂಟರು ಮಲಗಿತು. ತಟ್ಟಿದೆ, ಆರಿಸಿ ಹೊತ್ತಿಸಿದೆ, ತಂತಿಯನ್ನು ಕಿತ್ತು ಸಿಕ್ಕಿಸಿದೆ; ಏಳಲಿಲ್ಲ. ರಾಯರನ್ನು ಕರೆದೆ, ಅವರು ಬಂದು ನೋಡಿ, "ನಾನು ಮೊದಲೇ ಹೇಳಿದ್ದೆ" ಎಂಬ ಒಂದೇ ಪರಿಹಾರವನ್ನು ಸೂಚಿಸಿ ಹೋದರು. ಅಳಿಯಂದಿರಿಗೆ ಫೋನು ಮಾಡಿದೆ, "ಮಾವ, ಮ್ಯಾಕ್ ಆಗಿದ್ರೆ" ಎಂದು ಆರಂಭಿಸಿದರು, ಇಟ್ಟುಬಿಟ್ಟೆ. ಆಗ ಮನೆಯವರು ಸೆರಗಿಗೆ ಕೈ ಒರಸಿಕೊಂಡು ಬಂದು, ಹಾಲಿನ ಲೆಕ್ಕದ ಪುಸ್ತಕದ ಕಡೆಯ ಹಾಳೆಯನ್ನು ತೆರೆದು, ಪರದೆಯಲ್ಲಿ ಒಂದು ಕಪ್ಪು ಕಿಟಕಿಯನ್ನು ತೆರೆದು, ಪುಸ್ತಕದಲ್ಲಿದ್ದ ಒಂದು ಸಾಲನ್ನು ಒಂದೊಂದೇ ಅಕ್ಷರವಾಗಿ ಒತ್ತಿದರು. ಪ್ರಿಂಟರು ಒಮ್ಮೆ ನರಳಿ, ಕಾಗದವನ್ನು ಸರ್ರನೆ ಎಳೆದುಕೊಂಡಿತು.

ನಾನು ದಿಗ್ಭ್ರಾಂತನಾಗಿ ನಿಂತುದನ್ನು ಕಂಡು ಅವರೇ ಹೇಳಿದರು: "ಅವನು ಹೇಳ್ಕೊಟ್ಟಿದ್ದ. ಮೊದಲು 'ಸುಡು', ಕೊನೇಲಿ 'ಕಪ್ಸ್'. ಬಿಸಿ ಕಾಫಿ ಅಂತ ನೆನಪಿಟ್ಕೊಂಡೆ." ಲಿನಕ್ಸ್‌ನಲ್ಲಿ ಯಜಮಾನನ ಅಧಿಕಾರದಿಂದ ಆಜ್ಞೆ ಮಾಡುವ ಮಾತು ಸುಡು, ಮುದ್ರಣವನ್ನು ನೋಡಿಕೊಳ್ಳುವ ವ್ಯವಸ್ಥೆಯ ಹೆಸರು ಕಪ್ಸ್. ಅಳಿಯಂದಿರ ಮ್ಯಾಕಿನೊಳಗೂ ಮುದ್ರಣವನ್ನು ನಡೆಯಿಸುವುದು ಅದೇ ಕಪ್ಸ್ ಎಂದು ಆಮೇಲೆ ತಿಳಿಯಿತು. ಹರಿಹರರು ಪ್ರಿಂಟರಿನಲ್ಲಿಯೂ ಒಂದಾಗಿದ್ದರು.

ಆ ರಾತ್ರಿ ನಮ್ಮ ಮಲಗುವ ಎತ್ತಿನ ಕಥೆಯ ಉಳಿದ ಭಾಗ ನೆನಪಾಯಿತು. ಅದು ನಡುದಾರಿಯಲ್ಲಿ ಮಲಗಿದಾಗ ತಂದೆಯವರು ಬಾರುಕೋಲು ಬೀಸಿ, ಬಾಲ ತಿರುಚಿ, ದಳ್ಳಾಳಿಯ ವಂಶವನ್ನು ಬಯ್ದು, ಹೆಗಲ ವಲ್ಲಿಯಿಂದ ಬೆವರು ಒರಸಿಕೊಂಡು ಕುಳಿತುಬಿಡುತ್ತಿದ್ದರು. ಎಬ್ಬಿಸುತ್ತಿದ್ದವರು ನಮ್ಮ ತಾಯಿಯವರು. ಮಡಿಲಲ್ಲಿ ಒಂದು ಹಿಡಿ ಬೇಯಿಸಿದ ಹುರುಳಿಯನ್ನು ಇಟ್ಟುಕೊಂಡು ಬಂದು, ಅದರ ಗಂಗೆದೊಗಲನ್ನು ನೀವಿ, "ಏಳಪ್ಪಾ, ಹೊತ್ತಾಯ್ತು" ಎಂದರೆ ಎದ್ದು ನಿಲ್ಲುತ್ತಿದ್ದಿತು. ಜಾತ್ರೆಗೆ ಅವರನ್ನು ಎಂದೂ ಯಾರೂ ಕರೆದುಕೊಂಡು ಹೋಗಲಿಲ್ಲ.

ಆದುದರಿಂದ, ಯಾವ ಗಣಕವನ್ನು ಕೊಳ್ಳಲಿ ಎಂದು ನನ್ನನ್ನು ಈಗ ಕೇಳುವ ಮಿತ್ರರಿಗೆ ನಾನು ಹೇಳುವುದು ಒಂದೇ ಮಾತು: ಅದು ಮಲಗಿದಾಗ ನಿಮ್ಮ ಮನೆಯಲ್ಲಿ ಎಬ್ಬಿಸತಕ್ಕವರು ಯಾರೋ ಅವರನ್ನು ಮೊದಲು ಕೇಳಿ. ಇತ್ತ, ಯಂತ್ರಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ ಒಂದು ಪೈಸೆಯೂ ಖರ್ಚಾಗದೆ ಉಳಿದುದರಿಂದ, ಹಳೆಯ ಗ್ರೈಂಡರನ್ನು ಕೊಟ್ಟು ಹೊಸದನ್ನು ತರುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಅದರಲ್ಲಿಯೂ ಎರಡು ಪಂಗಡಗಳಿವೆಯಂತೆ. ಬಗ್ಗಿಸಿ ಹಿಟ್ಟು ತೆಗೆಯುವುದೊಂದು, ಮೇಜಿನ ಮೇಲಿಟ್ಟು ಪಾತ್ರೆ ತೆಗೆಯುವುದೊಂದು. ಯಾವುದು ಉತ್ತಮವೆಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ.